ಪಾಟ್ ತಿರುಗಿಸುವುದಾ, ರಿಜಿಸ್ಟರ್ ಬರೆಯುವುದಾ?

ಮಣ್ಣಿನ ತೇವ ಅಳೆದು ಲೋರಾ (ಕಮ್ಮಿ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೋ) ಮೂಲಕ ಮನೆಗೆ ಕಳಿಸುವ ಒಂದು ಪೆಟ್ಟಿಗೆ ನಮ್ಮ ತೋಟದಲ್ಲಿದೆ. ಅದಕ್ಕೆ ಬೇಕಾದ ವೋಲ್ಟೇಜ್‌ಗಳನ್ನು ಮೂರು ಬಗೆಯಲ್ಲಿ ಕೊಟ್ಟು ನೋಡಿದ್ದೇನೆ.

ಮೊದಲು ಹಾಕಿದ್ದು ವೋಲ್ಟೇಜ್ ಇಳಿಸುವ ಎಲ್‌ಎಂ2596 ಮಾಡ್ಯೂಲ್. 12 ವೋಲ್ಟ್ ಬ್ಯಾಟರಿಯಿಂದ ಸೆನ್ಸರ್‌ಗೆ 5, ಕೋಡ್ ಓಡಿಸುವ ಇಎಸ್‌ಪಿ32 ಮೈಕ್ರೋಕಂಟ್ರೋಲರಿಗೆ 3.3, ಹೀಗೆ ಎರಡು ಬೋರ್ಡು. ಮೀಟರ್ ಹಚ್ಚಿ ನೀಲಿ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ತಿರುಗಿಸಿ ವೋಲ್ಟೇಜ್ ಹೊಂದಿಸಿದರೆ ಕೆಲಸ ಮುಗಿಯಿತು. ಆದರೆ ಈ ಚಿಪ್ ಸುಮ್ನೆ ಕೂತಿದ್ದರೂ ಸುಮಾರು 5 ಮಿಲಿಆಂಪ್ ತಿನ್ನುತ್ತದೆ. ಎರಡಕ್ಕೆ ದಿನಕ್ಕೆ 240 ಮಿಲಿಆಂಪ್-ಅವರ್ ಹೋಯಿತು. ಅದಕ್ಕಿಂತ ಹೆಚ್ಚು ಭಯ ಪಾಟ್‌ನದು. ಅದು ಇರುವುದು ಔಟ್‌ಪುಟ್ ಮತ್ತು ಚಿಪ್ ಅದನ್ನು ಅಳೆಯುವ ಫೀಡ್‌ಬ್ಯಾಕ್ ಪಿನ್ ನಡುವೆ. ಒಳಗೆ ಸಂಪರ್ಕ ತಪ್ಪಿದರೆ ಔಟ್‌ಪುಟ್ ಕಮ್ಮಿಯಾಗಿದೆ ಅಂತ ಚಿಪ್ ಪೂರ್ತಿ ಏರಿಸಿಬಿಡುತ್ತದೆ. ನನ್ನ ಒಂದು ಇಎಸ್‌ಪಿ32 ಹೋಗಿದ್ದು ಹೀಗೇ.

ಎರಡನೆಯದು, ಅದೇ ಕೆಲಸದ ಎಂಪಿ1584, ಇದಕ್ಕಿಂತ ಎಷ್ಟೋ ವಾಸಿ. ಸುಮ್ನೆ ಇರುವಾಗ ಸುಮಾರು 0.1 ಮಿಲಿಆಂಪ್ ಅಷ್ಟೇ. ಪಾಟ್ ಕಿತ್ತು 1% ರೆಸಿಸ್ಟರ್ ಬೆಸುಗೆ ಹಾಕಿದೆ. ಇದರ ಫೀಡ್‌ಬ್ಯಾಕ್ 0.8 ವೋಲ್ಟ್, ಮೇಲೆ (ಔಟ್‌ಪುಟ್ ಕಡೆ) 124ಕೆ, ಕೆಳಗೆ (ಗ್ರೌಂಡ್ ಕಡೆ) 40.2ಕೆ ಓಮ್ ಹಾಕಿದರೆ 3.27 ಬರುತ್ತದೆ. ಆಮೇಲೆ ಅಲ್ಲಾಡುವುದಿಲ್ಲ.

ಮೂರನೆಯದು ಎಎಕ್ಸ್‌ಪಿ192, ಪವರ್ ನಿರ್ವಹಿಸುವ ಚಿಪ್. ಇಎಸ್‌ಪಿ32, ಲೋರಾ, ಜಿಪಿಎಸ್ ಒಟ್ಟಿಗಿರುವ ಟಿ-ಬೀಮ್ ಬೋರ್ಡಿನ 1.1 ಆವೃತ್ತಿಯಲ್ಲಿ ಇದೇ ಚಿಪ್ ಇದೆ. ಒಂದರಲ್ಲೇ ವೋಲ್ಟೇಜ್ ಇಳಿಸುವ ಮೂರು ಬಕ್ ಕನ್ವರ್ಟರ್ (ಡಿಸಿಡಿಸಿ1, 2, 3), ಜೊತೆಗೆ ಎಲ್‌ಡಿಒ ಎಂಬ ಸರಳ ರೆಗ್ಯುಲೇಟರ್‌ಗಳು. ತಿರುಗಿಸಲು ಏನೂ ಇಲ್ಲ, ಎಲ್ಲಾ ಐ2ಸಿ ಎಂಬ ಎರಡು ತಂತಿಯ ಸಂಪರ್ಕದ ಮೇಲೆ ಚಿಪ್ಪಿನ ರಿಜಿಸ್ಟರ್‌ಗಳಿಗೆ (ಸಂಖ್ಯೆ ಇಡುವ ಗೂಡುಗಳಿಗೆ) ಬರೆಯಬೇಕು. ಬಕ್‌ಗಳ ಲೆಕ್ಕ ಸುಲಭ: 700 ಮಿಲಿವೋಲ್ಟ್‌ನಿಂದ ಶುರು, ಒಂದೊಂದು ಹೆಜ್ಜೆಗೆ 25. 3.3 ಬೇಕಾದರೆ 3300ರಲ್ಲಿ 700 ಕಳೆದು 25ರಿಂದ ಭಾಗಿಸಿ. 104 ಬರುತ್ತದೆ, ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 68. ಡಿಸಿಡಿಸಿ1 ಆದರೆ ಅದನ್ನು ಹೆಕ್ಸ್ 26ರ ರಿಜಿಸ್ಟರಿಗೆ ಹಾಕಬೇಕು. ವೋಲ್ಟೇಜ್ ಬರೆದ ಮೇಲೇ ಆ ಔಟ್‌ಪುಟ್ ಸಾಲನ್ನು ಆನ್ ಮಾಡಿ, ಮುಂಚೆ ಬೇಡ.

ಆನ್-ಆಫ್ ಎಲ್ಲಾ ಹೆಕ್ಸ್ 12ರಲ್ಲಿ, ಒಂದೊಂದು ಸಾಲಿಗೆ ಒಂದೊಂದು ಬಿಟ್. ನಾನು ಎಡವಿದ್ದು ಇಲ್ಲೇ. ಜಿಪಿಎಸ್ ಬೇಡವೆಂದು ಅದಕ್ಕೆ ಕರೆಂಟ್ ಕೊಡುವ ಎಲ್‌ಡಿಒ3 ಆರಿಸಲು ಹೋಗಿ, ಇಡೀ ರಿಜಿಸ್ಟರಿಗೆ 5 ಬರೆದೆ. ಇಎಸ್‌ಪಿ32ಕ್ಕೆ ಕರೆಂಟ್ ಕೊಡುವ ಡಿಸಿಡಿಸಿ3ರ ಬಿಟ್ ಕೂಡ ಸೊನ್ನೆಯಾಯಿತು. ಬೋರ್ಡು ಸತ್ತಂತೆ ಬಿತ್ತು. ಪವರ್ ಬಟನ್ ಒತ್ತಿದರೆ ಏಳುತ್ತದೆ, ಅದೇ ಕೋಡ್ ಓಡಿಸಿ ಮತ್ತೆ ಮಲಗುತ್ತದೆ. ಕೊನೆಗೆ ಹಳೆ ಕೋಡ್ ಓಡದಂತೆ ಇಎಸ್‌ಪಿ32ರ 0ನೇ ಪಿನ್ನನ್ನು ಗ್ರೌಂಡಿಗೆ ಹಿಡಿದು ಪವರ್ ಕೊಟ್ಟು ಹೊಸ ಕೋಡ್ ಹಾಕಬೇಕಾಯಿತು. ಅದಕ್ಕೇ ಹೇಳುವುದು, ಮೊದಲು ರಿಜಿಸ್ಟರ್ ಓದಿ, ಬೇಕಾದ ಬಿಟ್ ಮಾತ್ರ ಬದಲಿಸಿ, ವಾಪಸ್ ಬರೆಯಿರಿ.

ಇಷ್ಟಾದರೂ ನನ್ನ ಮತ ಎಎಕ್ಸ್‌ಪಿ192ಕ್ಕೇ. ನಿದ್ದೆಗೆ ಮುಂಚೆ ಲೋರಾ, ಸೆನ್ಸರ್ ಎರಡನ್ನೂ ಕೋಡಿನಿಂದಲೇ ಆರಿಸುವ ಅನುಕೂಲ ಉಳಿದ ಎರಡರಲ್ಲಿ ನನಗೆ ಸಿಗಲಿಲ್ಲ. ಸೆನ್ಸರ್ 3.3ರಲ್ಲೂ ನಡೆಯುವಂಥದ್ದು, ಹಾಗಾಗಿ 5ರ ಗೊಡವೆಯೂ ತಪ್ಪಿತು. ಒಂದೇ ತೊಡಕು, ಇದು 12 ವೋಲ್ಟ್ ತಡೆಯುವುದಿಲ್ಲ, 6.3ರ ಒಳಗೇ ಕೊಡಬೇಕು. ಹಾಗಾಗಿ ಈಗ ಬ್ಯಾಟರಿಗೂ ಅದಕ್ಕೂ ನಡುವೆ 210ಕೆ, 40.2ಕೆ ರೆಸಿಸ್ಟರ್ ಹಾಕಿ 5 ವೋಲ್ಟ್‌ಗೆ ಕಟ್ಟಿದ ಎಂಪಿ1584 ಕೂತಿದೆ.