ನರ್ಸಿಂಗ್ ಚಾರ್ಜ್: ಬಿಲ್ಲಿನಲ್ಲಿ ಯಾರೂ ಓದದ ಸಾಲಿನ ವಿಮರ್ಶೆ

ಖಾಸಗಿ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಕೈಗೆ ಬರುವ ಬಿಲ್ಲಿನಲ್ಲಿ ರೂಂ ಬಾಡಿಗೆ, ಡಾಕ್ಟರ್ ವಿಸಿಟ್, ಲ್ಯಾಬ್, ಔಷಧಿ ಇವುಗಳ ನಡುವೆ 'ನರ್ಸಿಂಗ್ ಚಾರ್ಜ್' ಎಂಬ ಸಾಲೊಂದು ಇರುತ್ತದೆ. ಡಾಕ್ಟರು ಎಷ್ಟು ಸಲ ಬಂದರು ಅಂತ ಮನೆಯವರು ಎಣಿಸುತ್ತಾರೆ. ಔಷಧಿ ಪಟ್ಟಿಯನ್ನು ಬೆರಳಿಟ್ಟು ಓದುತ್ತಾರೆ. ಈ ಸಾಲನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ವಿಮರ್ಶೆ ಅದೊಂದೇ ಸಾಲಿನದು: ನೂರರಿಂದ ಇನ್ನೂರು ಹಾಸಿಗೆಯ ಖಾಸಗಿ ಆಸ್ಪತ್ರೆಗಳ ಸಾಮಾನ್ಯ ವಾರ್ಡು ಮತ್ತು ಶೇರಿಂಗ್ ರೂಮುಗಳಲ್ಲಿ ಆ ದುಡ್ಡಿಗೆ ಏನು ಸಿಗುತ್ತದೆ, ಎಲ್ಲಿ ಕೆಡುತ್ತದೆ, ಕೆಟ್ಟಾಗ ಬೈಗುಳ ಯಾರ ತಲೆಗೆ ಬೀಳುತ್ತದೆ ಎಂಬುದು. ಯಾವ ಆಸ್ಪತ್ರೆಯ ಹೆಸರನ್ನೂ ಇಲ್ಲಿ ಹಾಕಿಲ್ಲ, ಯಾಕೆಂದರೆ ಈ ದೋಷ ಒಂದೇ ಕಟ್ಟಡದ್ದಲ್ಲ.

ಮೊದಲು ಬೆಲೆಯ ವಿಷಯ. ಬಹಳ ಕಡೆ ಈ ಚಾರ್ಜು ಕೋಣೆಯ ದರ್ಜೆಗೆ ತಕ್ಕಂತೆ ಏರುತ್ತದೆ. ಜನರಲ್ ವಾರ್ಡಿಗೆ ಒಂದು ದರ, ಶೇರಿಂಗ್‌ಗೆ ಇನ್ನೊಂದು, ಡೀಲಕ್ಸ್‌ಗೆ ಮತ್ತೊಂದು. ಇಂಜೆಕ್ಷನ್ ಅದೇ, ಸಿರಿಂಜ್ ಅದೇ, ಎಷ್ಟೋ ಸಲ ಸಿಸ್ಟರೂ ಅವರೇ. ಪಾರ್ಶ್ವವಾಯು ಬಡಿದು ಮಲಗಿದವರಿಗೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೂಗಿನ ನಳಿಕೆಯಲ್ಲಿ ಊಟ ಕೊಡಬೇಕು, ಯೂರಿನ್ ಬ್ಯಾಗ್ ಅಳೆದು ಬರೆಯಬೇಕು. ಅವರು ಜನರಲ್ ವಾರ್ಡಿನಲ್ಲಿದ್ದರೆ ಚಾರ್ಜು ಕಡಿಮೆ. ಹರ್ನಿಯಾ ಆಪರೇಷನ್ ಆಗಿ ಮರುದಿನ ಓಡಾಡುವವರು ಡೀಲಕ್ಸ್‌ನಲ್ಲಿದ್ದರೆ ಜಾಸ್ತಿ. ಹೀಗೆ ಬೆಲೆ ಕಟ್ಟಿದಾಗಲೇ ಆಸ್ಪತ್ರೆ ಒಂದು ಮಾತು ಹೇಳಿಬಿಡುತ್ತದೆ: ಇದು ಚಿಕಿತ್ಸೆಯ ಭಾಗವಲ್ಲ, ರೂಂ ಜೊತೆಗೆ ಬರುವ ಸೌಲಭ್ಯ. ಟಿವಿ, ಎಸಿ, ಸಿಸ್ಟರ್. ಆಮೇಲೆ ಡೀಲಕ್ಸ್ ರೂಮಿನಿಂದ ಬೆಲ್ ಒತ್ತಿ "ಎಸಿ ರಿಮೋಟ್ ಎಲ್ಲಿ, ಕಾಫಿ ಇನ್ನೂ ಬಂದಿಲ್ಲ" ಅಂತ ಸಿಸ್ಟರನ್ನು ಗದರಿಸುವವರಿಗೆ ತಾವು ತಪ್ಪು ಮಾಡುತ್ತಿದ್ದೇವೆ ಅಂತ ಅನ್ನಿಸುವುದೇ ಇಲ್ಲ.

ನಿಜವಾಗಿ ಕೊಳ್ಳುತ್ತಿರುವುದು ಏನು ಅಂತ ಹತ್ತಿರದಿಂದ ನೋಡೋಣ. ರಾತ್ರಿ ಹತ್ತು ಗಂಟೆಯ ಒಂದು ಆಂಟಿಬಯಾಟಿಕ್. ಹೊರಗಿನಿಂದ ನೋಡುವವರಿಗೆ ಬಾಟಲಿ ತಗುಲಿಸಿ ಹೋದಷ್ಟೇ. ಸರಿಯಾಗಿ ಮಾಡಿದರೆ ಹೀಗಿರುತ್ತದೆ: ಡ್ರಗ್ ಚಾರ್ಟಿನಲ್ಲಿ ಔಷಧ, ಪ್ರಮಾಣ, ಹೊತ್ತು ನೋಡಬೇಕು. ರೋಗಿಯ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ ಕೈಪಟ್ಟಿಯ ನಂಬರಿನ ಜೊತೆ ತಾಳೆ ಹಾಕಬೇಕು. ಅಲರ್ಜಿ ಕೇಳಬೇಕು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳಬೇಕು. ಕ್ಯಾನುಲಾದ (ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ಕೊಳವೆ) ಸುತ್ತ ಕೆಂಪು, ಊತ, ನೋವು ಇದೆಯಾ ನೋಡಿ, ಸಲೈನ್ ಫ್ಲಶ್ ಕೊಟ್ಟು ದಾರಿ ಸರಿಯಿದೆಯಾ ಪರೀಕ್ಷಿಸಬೇಕು. ಔಷಧ ಕರಗಿಸಿ 100 ಎಂಎಲ್ ಸಲೈನಿಗೆ ಸೇರಿಸಿ, ಲೇಬಲ್ ಅಂಟಿಸಿ, ವೇಗ ಹೊಂದಿಸಿ, ಸಹಿ ಹಾಕಬೇಕು. ಎಂಟು ನಿಮಿಷ ಬೇಕೇ ಬೇಕು.

ಈಗ 24 ಹಾಸಿಗೆಯ ವಾರ್ಡು, ರಾತ್ರಿ ಪಾಳಿಗೆ ಇಬ್ಬರು ಸಿಸ್ಟರ್ ಅಂತ ಇಟ್ಟುಕೊಳ್ಳಿ. ಒಬ್ಬರಿಗೆ ಹನ್ನೆರಡು ರೋಗಿಗಳು. ಏಳು ಜನಕ್ಕೆ ಇಂಜೆಕ್ಷನ್, ತಲಾ ಎಂಟು ನಿಮಿಷದಂತೆ 56. ಐದು ಜನಕ್ಕೆ ಮಾತ್ರೆ, ತಲಾ ಮೂರರಂತೆ 15. ಹನ್ನೆರಡೂ ಜನರ ಬಿಪಿ, ನಾಡಿ, ಜ್ವರ, ಉಸಿರು, ಆಕ್ಸಿಜನ್ ನೋಡಿ ಬರೆಯಲು ತಲಾ ಐದರಂತೆ 60. ಒಟ್ಟು 131 ನಿಮಿಷ. ಇವೆಲ್ಲ ಮುಗಿಯಬೇಕಾದದ್ದು ಒಂಬತ್ತೂವರೆಯಿಂದ ಹನ್ನೊಂದರೊಳಗೆ, ಅಂದರೆ 90 ನಿಮಿಷದಲ್ಲಿ. ಬೆಲ್ ಒಮ್ಮೆಯೂ ಬಾರಿಸದೆ, ಹೊಸ ಅಡ್ಮಿಷನ್ ಬಾರದೆ, ಯಾರೂ ವಾಂತಿ ಮಾಡದೆ ಇದ್ದಾಗಿನ ಲೆಕ್ಕ ಇದು. ಅದೇ ಕೆಲಸ ಆರು ರೋಗಿಗಳಿಗಾದರೆ ಸುಮಾರು 65 ನಿಮಿಷ. ಬೆಲ್‌ಗೆ ಓಡಲು 25 ನಿಮಿಷ ಉಳಿಯುತ್ತದೆ. "ಬೆಲ್ ಒತ್ತಿ ಇಪ್ಪತ್ತು ನಿಮಿಷ ಆದ್ರೂ ಒಬ್ಬರೂ ಬರಲಿಲ್ಲ" ಅನ್ನುವ ದೂರಿನ ಮೂಲ ಈ ಗಣಿತದಲ್ಲಿದೆ. ಅದನ್ನು ಸಿಸ್ಟರ ಸೋಮಾರಿತನ ಅಂತ ಬರೆಯುವುದು ಅನ್ಯಾಯ.

ರಕ್ತ ಕೊಡುವಾಗ ಇನ್ನೂ ಬಿಗಿ. ಬ್ಲಡ್ ಬ್ಯಾಂಕಿನಿಂದ ಬಂದ ಚೀಲವನ್ನು ಇಬ್ಬರು ಸೇರಿ ಗ್ರೂಪ್, ನಂಬರ್, ಹೆಸರು, ಎಕ್ಸ್‌ಪೈರಿ ಓದಿ ತಾಳೆ ನೋಡಬೇಕು. ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮೊದಲ 15 ನಿಮಿಷ ಸಿಸ್ಟರ್ ಹಾಸಿಗೆಯ ಪಕ್ಕ ಬಿಟ್ಟು ಕದಲಬಾರದು, ಯಾಕೆಂದರೆ ಹೊಂದದ ರಕ್ತದ ಲಕ್ಷಣಗಳಾದ ಚಳಿ, ಬೆನ್ನುನೋವು, ಉಸಿರುಗಟ್ಟುವಿಕೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಆಗಲೇ. ಆ ಹದಿನೈದು ನಿಮಿಷದಲ್ಲಿ ಕಾರಿಡಾರಿನಲ್ಲಿ ಮೂರು ಬೆಲ್ ದೀಪ ಹೊತ್ತಿಕೊಂಡಿರುತ್ತವೆ. ಬಾಗಿಲಲ್ಲಿ ನಿಂತವರು "ಸುಮ್ನೆ ನಿಂತಿದ್ದಾಳೆ ನೋಡು" ಅನ್ನುತ್ತಾರೆ.

ಡ್ರಿಪ್ಪಿನ ವಿಷಯದಲ್ಲಿ ಆಗುವ ಗಲಾಟೆಗೆ ಲೆಕ್ಕವೇ ಇಲ್ಲ. 500 ಎಂಎಲ್ ಬಾಟಲಿ ಎಂಟು ಗಂಟೆಯಲ್ಲಿ ಹೋಗಬೇಕು ಅಂತ ಡಾಕ್ಟರು ಬರೆದಿದ್ದರೆ, ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ 21 ಹನಿ. ಸಿಸ್ಟರ್ ಗಡಿಯಾರ ಹಿಡಿದು ಹನಿ ಎಣಿಸಿ ಚಕ್ರ ತಿರುಗಿಸಿ ಹೋಗಿರುತ್ತಾರೆ. ಜೊತೆಗಿದ್ದ ನೆಂಟರು "ಇಷ್ಟು ನಿಧಾನ ಆದ್ರೆ ಬೆಳಗಾಗುತ್ತೆ" ಅಂತ ಆ ಚಕ್ರವನ್ನು ತಾವೇ ಮೇಲಕ್ಕೆ ತಳ್ಳುತ್ತಾರೆ. ಹೃದಯ ದುರ್ಬಲವಾಗಿರುವ ರೋಗಿಗೆ ಅಷ್ಟು ನೀರು ಒಮ್ಮೆಲೇ ಹೋದರೆ ಶ್ವಾಸಕೋಶದಲ್ಲಿ ತುಂಬಿಕೊಂಡು ಉಸಿರಾಟ ಕಷ್ಟವಾಗುತ್ತದೆ. ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ಒಂದು ಗ್ರಾಂ ಅನ್ನು ಕನಿಷ್ಠ ಒಂದು ಗಂಟೆಯಲ್ಲಿ ಕೊಡಬೇಕು. ಬೇಗ ಹೋದರೆ ಮುಖ, ಕುತ್ತಿಗೆ ಕೆಂಪೇರಿ ತುರಿಕೆ ಬರುತ್ತದೆ, ಬಿಪಿ ಇಳಿಯಲೂಬಹುದು. ಪೊಟ್ಯಾಸಿಯಂ ಸೇರಿಸಿದ ಬಾಟಲಿಯಾದರೆ ಹೃದಯದ ಬಡಿತವೇ ತಪ್ಪಬಹುದು. ಇಷ್ಟಾದ ಮೇಲೆ ಘಟನೆಯ ವರದಿ ಬರೆಯಬೇಕಾದವರು, ವಿವರಣೆ ಕೊಡಬೇಕಾದವರು ಸಿಸ್ಟರೇ. ಡ್ರಿಪ್ಪಿನ ಚಕ್ರವನ್ನು ಯಾರೂ ಮುಟ್ಟಬೇಡಿ. ನಿಧಾನ ಅನ್ನಿಸಿದರೆ ಕೇಳಿ, ಕಾರಣ ಹೇಳುತ್ತಾರೆ.

ಇನ್ನು ಈ ಸೇವೆಯಲ್ಲಿ ಸೇರಬಾರದ ಆದರೆ ಸೇರಿಕೊಂಡಿರುವ ಕೆಲಸಗಳು. ಫಾರ್ಮಸಿಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ಔಷಧಿ ಬರದಿದ್ದರೆ ಫೋನ್ ಮಾಡುವುದು, ಬಾತ್‌ರೂಮ್ ನೀರು ನಿಂತರೆ ಹೌಸ್‌ಕೀಪಿಂಗ್‌ಗೆ ಹೇಳುವುದು, ಊಟದ ತಟ್ಟೆ ತಡವಾದರೆ ಬೈಸಿಕೊಳ್ಳುವುದು, ಇನ್ಶೂರೆನ್ಸ್ ಡೆಸ್ಕಿಗೆ ಕಾಗದ ಹೊಂದಿಸುವುದು. ಡಿಸ್ಚಾರ್ಜ್ ದಿನ ಇದು ತಾರಕಕ್ಕೇರುತ್ತದೆ. ಬೆಳಿಗ್ಗೆ ರೌಂಡ್ಸಿನಲ್ಲಿ ಡಾಕ್ಟರು "ಇವತ್ತು ಮನೆಗೆ ಹೋಗಿ" ಅಂದ ಕ್ಷಣದಿಂದ ಮನೆಯವರ ಗಡಿಯಾರ ಓಡತೊಡಗುತ್ತದೆ. ಆದರೆ ಡಿಸ್ಚಾರ್ಜ್ ಸಮ್ಮರಿ ಬರೆಯಬೇಕಾದವರು ಡ್ಯೂಟಿ ಡಾಕ್ಟರು, ಅದಕ್ಕೆ ಸಹಿ ಹಾಕಬೇಕಾದ ದೊಡ್ಡ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿರುತ್ತಾರೆ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿ ಲೆಕ್ಕ ಕಳೆಯಬೇಕು. ಬಿಲ್ಲಿಂಗ್ ಮುಗಿದ ಮೇಲೆ ಇನ್ಶೂರೆನ್ಸ್ ಕಂಪನಿಗೆ ಹೋಗಬೇಕು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆ ಕಾಗದ ಕಳಿಸಿದ ಮೇಲೆ. ಈ ಸರಪಳಿಯಲ್ಲಿ ಸಿಸ್ಟರ ಕೈಯಲ್ಲಿರುವುದು ಔಷಧಿ ವಾಪಸ್ ಕಳಿಸುವುದು, ಕ್ಯಾನುಲಾ ತೆಗೆಯುವುದು, ಮನೆಯಲ್ಲಿ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಅಂತ ಹೇಳುವುದು ಮಾತ್ರ. ಆದರೆ ವಾರ್ಡಿನಲ್ಲಿ ಕಣ್ಣಿಗೆ ಬೀಳುವವರು ಅವರೊಬ್ಬರೇ ಆದ್ದರಿಂದ ಎಲ್ಲರ ಸಿಟ್ಟೂ ಅಲ್ಲಿಗೇ ಹೋಗುತ್ತದೆ. ಸಿಟ್ಟು ತಲುಪಬೇಕಾದ್ದು ಬಿಲ್ಲಿಂಗ್ ಕೌಂಟರಿಗೆ. ಅಲ್ಲಿ "ಫೈಲು ಇನ್ಶೂರೆನ್ಸ್‌ಗೆ ಎಷ್ಟು ಗಂಟೆಗೆ ಕಳಿಸಿದಿರಿ" ಅಂತ ಕೇಳಿ.

ಒಳಗಿನ ಅಗೌರವ ಹೊರಗಿನದಕ್ಕಿಂತ ಹೆಚ್ಚು ನೋಯಿಸುತ್ತದೆ. ರಾತ್ರಿ ಎರಡು ಗಂಟೆಗೆ ಬಿಪಿ ಇಳಿಯಿತು ಅಂತ ಡಾಕ್ಟರಿಗೆ ಫೋನ್ ಮಾಡಿದರೆ "ಇಷ್ಟಕ್ಕೆಲ್ಲ ಎಬ್ಬಿಸ್ತೀರಾ", ಮಾಡದಿದ್ದರೆ ಬೆಳಿಗ್ಗೆ ರೋಗಿಯ ಮನೆಯವರೆದುರೇ "ಯಾಕೆ ಹೇಳಲಿಲ್ಲ". ಫೋನಿನಲ್ಲಿ ಹೇಳಿದ ಡೋಸನ್ನು ಬೆಳಿಗ್ಗೆ "ನಾನು ಹಾಗೆ ಹೇಳೇ ಇಲ್ಲ" ಅನ್ನುವವರೂ ಇದ್ದಾರೆ. ಇದಕ್ಕೆ ಒಂದೇ ಕವಚ: ಆರ್ಡರನ್ನು ಫೋನಿನಲ್ಲೇ ಓದಿ ಹೇಳಿ 'ಹೌದು' ಅನ್ನಿಸಿಕೊಳ್ಳುವುದು, ಸಮಯ ಮತ್ತು ಹೆಸರಿನ ಜೊತೆ ನರ್ಸಸ್ ನೋಟಿನಲ್ಲಿ ಆಗಲೇ ಬರೆಯುವುದು, ಸಾಧ್ಯವಿದ್ದರೆ ಇನ್ನೊಬ್ಬ ಸಿಸ್ಟರ್ ಅಥವಾ ಬ್ರದರಿಗೆ (ಪುರುಷ ನರ್ಸ್) ಲೈನಿನಲ್ಲಿ ಕೇಳಿಸುವುದು, ಬೆಳಿಗ್ಗೆ ಸಹಿ ಬಿಡದೆ ಹಾಕಿಸಿಕೊಳ್ಳುವುದು. ಎಂಟಕ್ಕೆ ಮುಗಿಯಬೇಕಾದ ರಾತ್ರಿ ಪಾಳಿ ಹ್ಯಾಂಡ್‌ಓವರ್, ಸ್ಟಾಕ್ ಎಣಿಕೆ ಅಂತ ಒಂಬತ್ತು ದಾಟುತ್ತದೆ. ಆ ಒಂದು ಗಂಟೆಗೆ ಸಂಬಳವಿಲ್ಲದ ಕಡೆಗಳೇ ಹೆಚ್ಚು. ಗ್ಲೂಕೋಮೀಟರ್ ಕಾಣೆಯಾದರೆ ಪಾಳಿಯಲ್ಲಿದ್ದವರ ಸಂಬಳದಲ್ಲಿ ಹಂಚಿ ಕತ್ತರಿಸುವ ಪದ್ಧತಿಯನ್ನು ಇನ್ನೂ ಬಿಡದ ಆಸ್ಪತ್ರೆಗಳಿವೆ.

ನಮ್ಮ ಭಾಷೆಯನ್ನೂ ಗಮನಿಸಿ. "ಡಾಕ್ಟ್ರು ಬಂದ್ರು, ನರ್ಸು ಬಂದಳು." ಒಂದೇ ವಾಕ್ಯದಲ್ಲಿ ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ. ಮೂರು ವರ್ಷ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷ ಬಿಎಸ್‌ಸಿ ನರ್ಸಿಂಗ್ ಓದಿ, ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಿಕೊಂಡು ಬಂದವರನ್ನು "ಏಯ್, ಬಾ ಇಲ್ಲಿ" ಅನ್ನುವವರು ಪಕ್ಕದ ಬೆಡ್ಡಿನ ಅಪರಿಚಿತರಿಗೆ "ನೀವು" ಅನ್ನುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಹುದ್ದೆಯ ಹೆಸರು 'ಶುಶ್ರೂಷಾಧಿಕಾರಿ'. ಹೆಸರಿನ ಬೋರ್ಡು ಬದಲಾಗಿದೆ, ಕರೆಯುವ ಬಾಯಿ ಬದಲಾಗಬೇಕು. "ಸಿಸ್ಟರ್, ಸ್ವಲ್ಪ ಬನ್ನಿ" ಅನ್ನಲು ಹೆಚ್ಚು ಹೊತ್ತೇನೂ ಬೇಡ.

ಸಂಬಳಕ್ಕೆ ಬಂದರೆ, ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ನಿರ್ದೇಶನದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯ ಶಿಫಾರಸು ಸ್ಪಷ್ಟವಾಗಿದೆ. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಆ ರಾಜ್ಯದ ಸರ್ಕಾರಿ ನರ್ಸಿಗೆ ಸಮನಾದ ಸಂಬಳ. 100ರ ಮೇಲಿದ್ದರೆ ಅದರಿಂದ ಕಡಿತ ಶೇ. 10 ದಾಟಬಾರದು. 50ರಿಂದ 100ರವರೆಗೆ ಆ ಕಡಿತ ಶೇ. 25 ದಾಟಬಾರದು, ಅದಕ್ಕೂ ಚಿಕ್ಕದಾದರೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ಶಿಫಾರಸಾಗಿ ಉಳಿದದ್ದಕ್ಕೆ ಹಲ್ಲಿಲ್ಲ. ನರ್ಸ್ ಮತ್ತು ರೋಗಿಗಳ ಅನುಪಾತದಲ್ಲೂ ಒಂದು ಮೋಸದ ಲೆಕ್ಕ ನಡೆಯುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 1:3, ಅಂದರೆ ಮೂರು ರೋಗಿಗಳಿಗೆ ಒಬ್ಬ ನರ್ಸ್ ಎಂದಿದೆ. ಅದನ್ನು ಮೂರು ಪಾಳಿಗೆ ಹಂಚಿದರೆ ಪಾಳಿಯಲ್ಲಿ ಒಬ್ಬರಿಗೆ ಒಂಬತ್ತು ರೋಗಿಗಳು. ಇದರ ಜೊತೆ ರಜೆಗೆಂದು ಶೇ. 30 ಹೆಚ್ಚುವರಿ ಸಿಬ್ಬಂದಿ ಇರಬೇಕು. ಆ ಶೇ. 30 ಇಲ್ಲದ ಕಡೆ ಒಬ್ಬರು ಜ್ವರ ಬಂದು ಮಲಗಿದರೆ ಇನ್ನೊಬ್ಬರಿಗೆ ಡಬಲ್ ಡ್ಯೂಟಿ, ವಾರದ ರಜೆ ರದ್ದು. ಹದಿನೈದನೇ ಗಂಟೆಯಲ್ಲಿ ಇನ್ಸುಲಿನ್ ಯೂನಿಟ್ ಎಣಿಸುವ ಕಣ್ಣು ಎಷ್ಟು ಚುರುಕಾಗಿರಲು ಸಾಧ್ಯ?

ಆದ್ದರಿಂದ ಅಡ್ಮಿಟ್ ಆಗುವ ಮೊದಲು ರೂಮಿನ ಕಿಟಕಿ ನೋಡುವುದರ ಜೊತೆಗೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಇಷ್ಟು ಕೇಳಿ: ರಾತ್ರಿ ಪಾಳಿಯಲ್ಲಿ ಈ ವಾರ್ಡಿಗೆ ನೋಂದಣಿಯಾದ ನರ್ಸ್ ಎಷ್ಟು ಜನ, ಆಗ ಹಾಸಿಗೆ ಎಷ್ಟು ತುಂಬಿರುತ್ತವೆ? ವಿದ್ಯಾರ್ಥಿಗಳನ್ನೂ ಆಯಾಗಳನ್ನೂ ಸೇರಿಸದೆ ಹೇಳಲು ಕೇಳಿ. ಎಂಟಕ್ಕಿಂತ ಹೆಚ್ಚು ರೋಗಿಗಳು ಒಬ್ಬರಿಗೆ ಬರುವುದಾದರೆ, ಮಲಗಿದಲ್ಲೇ ಇರುವ ರೋಗಿಯ ಜೊತೆ ರಾತ್ರಿ ಮನೆಯವರೊಬ್ಬರು ಇರುವುದು ಒಳ್ಳೆಯದು. ವೆಂಟಿಲೇಟರಿನಲ್ಲಿರುವವರಿಗೆ ಒಬ್ಬ ನರ್ಸ್ ಮೀಸಲಿರಬೇಕು, ಅದರಲ್ಲಿ ರಾಜಿ ಬೇಡ.

ಅಂಕ ಕೊಡುವುದಾದರೆ ಕೌಶಲಕ್ಕೆ ಐದರಲ್ಲಿ ನಾಲ್ಕು. ಇಷ್ಟು ಕಡಿಮೆ ಕೈಗಳಲ್ಲಿ ಇಷ್ಟು ಕಡಿಮೆ ತಪ್ಪಾಗುತ್ತಿರುವುದೇ ಅದಕ್ಕೆ ಸಾಕ್ಷಿ. ಆಡಳಿತ ಮಂಡಳಿಯ ಡ್ಯೂಟಿ ರೋಸ್ಟರಿಗೆ ಒಂದೂವರೆ. ಕೊಟ್ಟ ಬೆಲೆಗೆ ತಕ್ಕ ಸೇವೆಯಾ ಅಂದರೆ, ರೋಗಿ ಕೊಟ್ಟದ್ದರಲ್ಲಿ ಸಾಕಷ್ಟು ಪಾಲು ವಾರ್ಡಿಗೆ ತಲುಪುವವರೆಗೆ ಇಲ್ಲ.

ಸಿಸ್ಟರ ಮೇಲೆ ಕೈ ಮಾಡುವವರಿಗೆ ಒಂದು ಮಾಹಿತಿ: ಕರ್ನಾಟಕದ 2009ರ ವೈದ್ಯಕೀಯ ಸಿಬ್ಬಂದಿ ರಕ್ಷಣಾ ಕಾಯ್ದೆ ಡಾಕ್ಟರಿಗಷ್ಟೇ ಅಲ್ಲ, ನರ್ಸಿಗೂ ಅನ್ವಯಿಸುತ್ತದೆ. ಹಲ್ಲೆ ಜಾಮೀನುರಹಿತ ಅಪರಾಧ. ಸೇವೆಯ ಬಗ್ಗೆ ನಿಜವಾದ ದೂರಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವಿದೆ.

ಡಿಸ್ಚಾರ್ಜಿನ ಹೊತ್ತಿಗೆ ಕೈಗೆ ಕೊಡುವ ಫೀಡ್‌ಬ್ಯಾಕ್ ಫಾರಂನಲ್ಲಿ 'ನರ್ಸ್‌ಗಳ ನಡವಳಿಕೆ' ಅಂತ ಒಂದು ಸಾಲು ಇರುತ್ತದೆ. 'ವಾರ್ಡಿನಲ್ಲಿ ಸಿಬ್ಬಂದಿ ಸಾಕಷ್ಟಿದ್ದರೇ' ಅಂತ ಬಹಳ ಫಾರಂಗಳಲ್ಲಿ ಇರುವುದಿಲ್ಲ. 'ನಡವಳಿಕೆ'ಗೆ ಕಡಿಮೆ ಅಂಕ ಬಿದ್ದರೆ ಆ ಪಾಳಿಯ ಸಿಸ್ಟರಿಂದ ವಿವರಣೆ ಪತ್ರ ಬರೆಸಿಕೊಳ್ಳುತ್ತಾರೆ. ಹಾಗಾಗಿ ಬರೀ ಟಿಕ್ ಹಾಕಬೇಡಿ. ಕೆಳಗಿನ ಖಾಲಿ ಜಾಗದಲ್ಲಿ ದಿನಾಂಕ, ಹೊತ್ತು, ಬೆಡ್ ನಂಬರ್ ಬರೆದು "ಆ ರಾತ್ರಿ ಹನ್ನೆರಡು ರೋಗಿಗಳಿಗೆ ಒಬ್ಬರೇ ಸಿಸ್ಟರ್ ಇದ್ದರು, ಇನ್ನೊಬ್ಬರನ್ನು ಹಾಕಿ" ಅಂತ ಸೇರಿಸಿ. ಚೆನ್ನಾಗಿ ನೋಡಿಕೊಂಡ ಸಿಸ್ಟರ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಅವರ ಬ್ಯಾಡ್ಜಿನಲ್ಲಿ ಇರುತ್ತದೆ.