ಬೆಳಗಾವಿಯಲ್ಲಿ ಐರನ್ ಪ್ರೊಫೈಲ್: ಪರೀಕ್ಷೆ ಚಲೋ, ರಕ್ತ ತಗೊಳ್ಳೋ ಪದ್ಧತಿ ಸುಧಾರಿಸಬೇಕು

ತಿಲಕವಾಡಿ, ಶಹಾಪುರ ಕಡೆ ಮನೆಗೇ ಬಂದು ರಕ್ತ ತಗೊಂಡು ಹೋಗುವ ಲ್ಯಾಬ್ ಒಂದರ ಐರನ್ ಪ್ರೊಫೈಲ್, ಅಂದರೆ ಮೈಯಲ್ಲಿನ ಕಬ್ಬಿಣದ ಲೆಕ್ಕ ಹೇಳುವ ರಕ್ತಪರೀಕ್ಷೆಯ ಬಗ್ಗೆ ಬರೆಯುತ್ತಿದ್ದೇನೆ. ಪರೀಕ್ಷೆಗೆ ಐದಕ್ಕೆ ನಾಲ್ಕೂವರೆ, ರಕ್ತ ತಗೊಳ್ಳುವ ವ್ಯವಸ್ಥೆಗೆ ಎರಡೂವರೆ.

ಬಹಳ ಕಡೆ ಸೀರಮ್ ಐರನ್ (ರಕ್ತದ ದ್ರವಭಾಗದಲ್ಲಿರುವ ಕಬ್ಬಿಣ), ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂಬ ಅಳತೆ) ಎರಡೇ ಕೊಟ್ಟು ಮುಗಿಸುತ್ತಾರೆ. ಇಲ್ಲಿ ಟ್ರಾನ್ಸ್‌ಫೆರಿನ್ ಅನ್ನೇ ನೇರವಾಗಿ ಅಳೆಯುತ್ತಾರೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಸುಳಿವು ಕೊಡುವ ಫೆರಿಟಿನ್ ಕೂಡ ಸೇರಿದೆ. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಪ್ರೋಟೀನೇ ಟ್ರಾನ್ಸ್‌ಫೆರಿನ್. 3ನೇ ಕ್ರೋಮೋಸೋಮಿನಲ್ಲಿರುವ ಟಿಎಫ್ ಜೀನ್ ಹೇಳಿದಂತೆ ಲಿವರ್ ಅದನ್ನು ತಯಾರಿಸುತ್ತದೆ. ಒಂದು ಅಣು ಹೊರುವುದು ಕಬ್ಬಿಣದ ಎರಡೇ ಪರಮಾಣು. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಲಿವರ್ ಟ್ರಾನ್ಸ್‌ಫೆರಿನ್ ಹೆಚ್ಚಿಸುತ್ತದೆ, ಆದರೆ ಬಹುಪಾಲು ಖಾಲಿಯೇ ಓಡಾಡುತ್ತದೆ. ರಿಪೋರ್ಟಿನಲ್ಲಿ ಐರನ್ 40, ಟಿಐಬಿಸಿ 400 ಇದ್ದರೆ ಸ್ಯಾಚುರೇಶನ್, ಅಂದರೆ ಹೊರುವ ಸಾಮರ್ಥ್ಯದಲ್ಲಿ ತುಂಬಿರುವ ಪಾಲು, ಶೇ. 10. ಸುಮಾರು ಶೇ. 20ರಿಂದ 50ರೊಳಗಿದ್ದರೆ ಸಾಮಾನ್ಯ. 16ರ ಕೆಳಗೆ ಬಂದರೆ ಕೊರತೆಯ ಅನುಮಾನ ಗಟ್ಟಿ.

ತಕರಾರು ಇರುವುದು ವೇಳೆಯದು. ಮಧ್ಯಾಹ್ನ ನಾಲ್ಕರವರೆಗೂ ಸ್ಲಾಟ್ ಕೊಡುತ್ತಾರೆ. ಸೀರಮ್ ಐರನ್ ಸಾಮಾನ್ಯವಾಗಿ ಬೆಳಿಗ್ಗೆ ಹೆಚ್ಚು, ಸಂಜೆಗೆ ಇಳಿಕೆ. ರೊಟ್ಟಿ, ಪುಂಡಿಪಲ್ಯ ಉಂಡು ಕೂತವರದ್ದೂ ಬರಿಹೊಟ್ಟೆಯವರದ್ದೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬೆಳಿಗ್ಗೆ 8ರಿಂದ 10ರ ಸ್ಲಾಟನ್ನೇ ಹಟ ಹಿಡಿದು ಕೇಳಿ. ಕಬ್ಬಿಣದ ಗುಳಿಗೆಯನ್ನು, ಕಬ್ಬಿಣ ಇರುವ ಮಲ್ಟಿವಿಟಮಿನ್ ಅನ್ನೂ ಡಾಕ್ಟರಿಗೆ ಹೇಳಿ 24 ಗಂಟೆ ಮುಂಚೆ ನಿಲ್ಲಿಸಿ. ನುಂಗಿದ ಮೇಲೆ ಕೆಲವು ತಾಸು ಐರನ್ ಅಂಕಿ ಏರಿಯೇ ಇರುತ್ತದೆ. ಐರನ್ ಇಂಜೆಕ್ಷನ್ ಆಗಿದ್ದರೆ ನಾಲ್ಕು ವಾರ ತಡೆಯಿರಿ. ಬುಕಿಂಗ್‌ನಲ್ಲಿ ಇದ್ಯಾವುದನ್ನೂ ಕೇಳುವುದಿಲ್ಲ, ಕೇಳಲೇಬೇಕಿತ್ತು.

ಟ್ಯೂಬಿನ ಮೇಲೂ ಕಣ್ಣಿಡಿ. ಐರನ್ ಪರೀಕ್ಷೆಯ ಕೆಂಪು ಅಥವಾ ಹಳದಿ ಮುಚ್ಚಳದ್ದು ಮೊದಲು ತುಂಬಬೇಕು, ಸಿಬಿಸಿಯ (ರಕ್ತಕಣಗಳ ಎಣಿಕೆಯ) ನೇರಳೆ ಮುಚ್ಚಳದ್ದು ಆಮೇಲೆ. ರಕ್ತ ಹೆಪ್ಪುಗಟ್ಟದಂತೆ ನೇರಳೆಯಲ್ಲಿ ಹಾಕಿರುವ ಇಡಿಟಿಎ ಕಬ್ಬಿಣವನ್ನೇ ಹಿಡಿದುಕೊಳ್ಳುತ್ತದೆ. ರಕ್ತ ಸಾಲಲಿಲ್ಲವೆಂದು ನೇರಳೆ ಟ್ಯೂಬಿನಿಂದ ಐರನ್ ಟ್ಯೂಬಿಗೆ ಸುರಿದರೆ ಐರನ್ ಅಂಕಿ ಸುಳ್ಳಾಗಿ ಇಳಿಯುತ್ತದೆ. ಅದೇ ಸ್ಯಾಂಪಲ್‌ನ ಪೊಟ್ಯಾಶಿಯಂ ವಿಪರೀತ ಹೆಚ್ಚಾಗಿ, ಕ್ಯಾಲ್ಸಿಯಂ ವಿಪರೀತ ಕಡಿಮೆಯಾಗಿ ಬಂದಿದ್ದರೆ ಈ ಸುರಿದಾಟದ ಮೇಲೇ ಮೊದಲು ಅನುಮಾನ ಪಡಿ. ಅರ್ಧ ತಾಸು ಹೆಪ್ಪುಗಟ್ಟಲು ಬಿಟ್ಟು, ಎರಡು ತಾಸಿನೊಳಗೆ ಸೆಂಟ್ರಿಫ್ಯೂಜ್ (ಯಂತ್ರದಲ್ಲಿ ಗಿರಗಿರ ತಿರುಗಿಸಿ ಸೀರಮ್ ಬೇರ್ಪಡಿಸುವುದು) ಆಗಬೇಕು. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಇಡೀ ಊರು ಸುತ್ತಿದರೆ ರಕ್ತಕಣ ಒಡೆದು ಸೀರಮ್ ಗುಲಾಬಿಯಾಗುತ್ತದೆ. ಅಂಥ ಸ್ಯಾಂಪಲ್ ಅನ್ನು ಈ ಲ್ಯಾಬ್ ಮುಚ್ಚಿಡದೆ ತಿರಸ್ಕರಿಸಿ, ಪುಕ್ಕಟೆ ಮತ್ತೆ ತಗೊಳ್ಳುತ್ತದೆ. ಇದಕ್ಕೆ ಮನಸಾರೆ ಮೆಚ್ಚುಗೆ.

ಜ್ವರ, ಸೋಂಕು ಇದ್ದಾಗ ಮಾಡಿಸಬೇಡಿ. ಆಗ ಟ್ರಾನ್ಸ್‌ಫೆರಿನ್ ತಾನಾಗಿ ಇಳಿಯುತ್ತದೆ, ಫೆರಿಟಿನ್ ಏರುತ್ತದೆ, ನಿಜವಾದ ಕೊರತೆ ಮರೆಯಾಗುತ್ತದೆ. ಅನಿವಾರ್ಯವಾದರೆ ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆ ಸೇರಿಸಿ, ಪ್ಯಾಕೇಜಿನಲ್ಲಿ ಅದಿಲ್ಲ. ಗರ್ಭಿಣಿಯರಲ್ಲಿ, ಈಸ್ಟ್ರೊಜೆನ್ ಗುಳಿಗೆ ತಗೊಳ್ಳುವವರಲ್ಲಿ ಟ್ರಾನ್ಸ್‌ಫೆರಿನ್ ಹೆಚ್ಚಿಗೇ ಬರುತ್ತದೆ.

ಜೊತೆಗೆ ಟಿಎಫ್ ಜೀನ್ ಪರೀಕ್ಷೆ ಮಾಡಿಸಿ ಎಂದರೆ ಬೇಡ ಅನ್ನಿ. ಆ ಜೀನ್ ಕೆಟ್ಟು ಟ್ರಾನ್ಸ್‌ಫೆರಿನ್ ಇಲ್ಲವಾಗುವ ಕಾಯಿಲೆ ಅತಿ ಅಪರೂಪ. ಹಾಗಿದ್ದರೆ ಈ ಪ್ರೊಫೈಲಿನಲ್ಲೇ ಟ್ರಾನ್ಸ್‌ಫೆರಿನ್ ಸೊನ್ನೆಯ ಹತ್ತಿರ ಬರುತ್ತದೆ. ಜೀನಿನ ಮಾತು ಬರುವುದು ಆಮೇಲೆ.