ಟ್ರ್ಯಾಕ್‌ಗೂ ರಸ್ತೆಗೂ ಒಂದೇ ಕಾರು: ಓಲಿನ್ಸ್, ಬಿಲ್‌ಸ್ಟೈನ್, ಕೆಡಬ್ಲ್ಯೂ ಕಾಯಿಲೋವರ್‌ಗಳ ತುಲನೆ

ಕಂಪನಿಯಿಂದ ಬಂದ ಸಸ್ಪೆನ್ಷನ್‌ನಲ್ಲೇ ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕ್‌ಗೆ ಇಳಿಸಿದಾಗ ಸಾಮಾನ್ಯವಾಗಿ ಮೊದಲು ಕೈಕೊಡುವುದು ಡ್ಯಾಂಪರ್, ಅಂದರೆ ಸ್ಪ್ರಿಂಗಿನ ಕುಣಿತವನ್ನು ಎಣ್ಣೆಯ ತಡೆಯಿಂದ ಹತೋಟಿಯಲ್ಲಿಡುವ ಶಾಕ್ ಅಬ್ಸಾರ್ಬರ್. ಸುತ್ತು ಹೆಚ್ಚಿದಂತೆ ಒಳಗಿನ ಎಣ್ಣೆ ಕಾದು ತೆಳುವಾಗುತ್ತದೆ, ಪಿಸ್ಟನ್ನಿನ ಹಿಡಿತ ಸಡಿಲಗೊಳ್ಳುತ್ತದೆ, ಆರಂಭದಲ್ಲಿ ಒಂದೇ ಸಲಕ್ಕೆ ವಾಲಿ ನಿಲ್ಲುತ್ತಿದ್ದ ಕಾರು ಆಮೇಲೆ ಅದೇ ತಿರುವಿನಲ್ಲಿ ಎರಡು ಮೂರು ಸಲ ತೂಗಾಡಿ ನಿಲ್ಲುತ್ತದೆ. ಇದಕ್ಕೆ ಪರಿಹಾರವೆಂದು ಬಹಳ ಜನ ಗಡಸು ಸ್ಪ್ರಿಂಗ್ ಹುಡುಕುತ್ತಾರೆ. ಆದರೆ ಡ್ಯಾಂಪರ್ ಹಳೆಯದೇ ಉಳಿದರೆ ತೊಂದರೆ ಇನ್ನಷ್ಟು ಬಿಗಡಾಯಿಸುತ್ತದೆ. ಸ್ಪ್ರಿಂಗಿನ ಗಡಸುತನ ಎರಡರಷ್ಟಾದರೆ ಅದನ್ನು ಹತೋಟಿಯಲ್ಲಿಡಲು ಬೇಕಾಗುವ ಡ್ಯಾಂಪಿಂಗ್ ಅದರ ವರ್ಗಮೂಲದ ಪ್ರಮಾಣದಲ್ಲಿ, ಅಂದರೆ ಸುಮಾರು 1.4 ಪಟ್ಟು, ಏರಬೇಕಾಗುತ್ತದೆ. ಆದ್ದರಿಂದ ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಟ್ಟಿಗೇ ಬರುವ ಕಾಯಿಲೋವರ್ ಸೆಟ್ಟುಗಳನ್ನೇ ಇಲ್ಲಿ ತೂಗಿ ನೋಡಿದ್ದೇನೆ: ಓಲಿನ್ಸ್ ರೋಡ್ ಆ್ಯಂಡ್ ಟ್ರ್ಯಾಕ್, ಬಿಲ್‌ಸ್ಟೈನ್ ಬಿ16 ಪಿಎಸ್‌ಎಸ್10 ಮತ್ತು ಕೆಡಬ್ಲ್ಯೂ ವೇರಿಯೆಂಟ್ 3. ಟ್ರೇಲರ್ ಮೇಲೆ ಹೋಗುವ ರೇಸ್ ಕಾರು ನನ್ನ ಲೆಕ್ಕದಲ್ಲಿಲ್ಲ. ತನ್ನ ಚಕ್ರಗಳ ಮೇಲೇ ಟ್ರ್ಯಾಕ್‌ಗೆ ಹೋಗಿ ಮರಳುವ ಕಾರು ಮಾತ್ರ ಇದೆ.

ಹೋಲಿಕೆಗೆ ಮುನ್ನ ಒಂದು ಎಚ್ಚರಿಕೆ ಹೇಳಬೇಕು. ಜಾಹೀರಾತಿನಲ್ಲಿ ಕಾಣುವ ಸ್ಪ್ರಿಂಗ್ ಗಡಸುತನದ ಅಂಕಿಯನ್ನು ಒಂದು ಕಾರಿನಿಂದ ಇನ್ನೊಂದಕ್ಕೆ ಹೋಲಿಸಿ ಪ್ರಯೋಜನವಿಲ್ಲ. ಸ್ಪ್ರಿಂಗ್, ಡ್ಯಾಂಪರ್ ಎರಡೂ ಒಂದೇ ಕಂಬವಾಗಿ ಚಕ್ರವನ್ನು ಹಿಡಿದಿಡುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಚಕ್ರ ಮೇಲೇರಿದಷ್ಟೇ ಸ್ಪ್ರಿಂಗೂ ಹೆಚ್ಚುಕಡಿಮೆ ಕುಗ್ಗುತ್ತದೆ. ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿಯುವ ಡಬಲ್ ವಿಶ್‌ಬೋನ್‌ನಲ್ಲಿ ಚಕ್ರ 10 ಮಿಲಿಮೀಟರ್ ಏರಿದಾಗ ಸ್ಪ್ರಿಂಗ್ 7 ಮಿಲಿಮೀಟರ್ ಮಾತ್ರ ಕುಗ್ಗಿದರೆ ಚಕ್ರಕ್ಕೆ ತಲುಪುವ ಗಡಸುತನ 0.7ರ ವರ್ಗ, ಅಂದರೆ 0.49, ಸುಮಾರು ಅರ್ಧ. ಒಂದರಲ್ಲಿ ಕಲ್ಲಿನಂತಿರುವ ಸ್ಪ್ರಿಂಗ್ ಇನ್ನೊಂದರಲ್ಲಿ ಸಾಧಾರಣ ಎನಿಸುವುದು ಇದರಿಂದಲೇ.

ನನ್ನ ಮಟ್ಟಿಗೆ ಮೊದಲ ಪರೀಕ್ಷೆ ಚಲನೆಯ ಅಂತರದ್ದು. ಕಾರನ್ನು ತಗ್ಗಿಸಿದ ಮೇಲೆ ಬಂಪ್ ಸ್ಟಾಪ್ (ಚಲನೆಯ ಕೊನೆಯಲ್ಲಿ ತಡೆಯುವ ಮೆತ್ತೆ) ಮುಟ್ಟುವ ಮೊದಲು ಚಕ್ರಕ್ಕೆ ಮೇಲೇರಲು ಎಷ್ಟು ಜಾಗ ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಳಿದ ಯಾವ ಅಂಕಿಗೂ ಬೆಲೆಯಿಲ್ಲ. ತಿರುವಿನ ನಡುವೆ ಬಂಪ್ ಸ್ಟಾಪ್ ಗಟ್ಟಿಯಾಗಿ ತಗುಲಿದರೆ ಆ ಮೂಲೆಯ ಗಡಸುತನ ಏಕಾಏಕಿ ಜಿಗಿಯುತ್ತದೆ, ಆ ಟೈರು ಜಾರುತ್ತದೆ, ಚಾಲಕ ಟೈರನ್ನು ಬಯ್ಯುತ್ತಾನೆ. ಪರೀಕ್ಷಿಸುವುದು ಸುಲಭ: ಪಿಸ್ಟನ್ ರಾಡಿಗೆ ಪ್ಲಾಸ್ಟಿಕ್ ಟೈ ಒಂದನ್ನು ಬಿಗಿಯಾಗಿ ಕಟ್ಟಿ, ಸೀಲ್‌ನವರೆಗೆ ಇಳಿಸಿ, ಕೆಲವು ಸುತ್ತು ಓಡಿಸಿ ಬಂದರೆ, ಟೈ ಎಲ್ಲಿಯವರೆಗೆ ಸರಿದಿದೆ ಎಂಬುದರಿಂದ ಎಷ್ಟು ಚಲನೆ ಬಳಕೆಯಾಗಿದೆ ಎಂದು ಗೊತ್ತಾಗುತ್ತದೆ. ತಲೆಕೆಳಗಾಗಿ ಕೂರಿಸಿದ ಸ್ಟ್ರಟ್‌ಗಳಲ್ಲಿ ರಾಡ್ ಹೊರಗೆ ಕಾಣದ ಕಾರಣ ಈ ಉಪಾಯ ಅಲ್ಲಿ ನಡೆಯದು.

ಓಲಿನ್ಸ್ ಗೆಲ್ಲುವುದು ಈ ಚಲನೆಯ ಅಂತರದಲ್ಲೇ. ಹಲವು ಕಾರುಗಳ ಸೆಟ್ಟುಗಳಲ್ಲಿ ಎತ್ತರವನ್ನು ಸ್ಪ್ರಿಂಗ್ ಕೂರುವ ರಿಂಗಿನಿಂದ ಬದಲಿಸಬೇಕಾಗಿಲ್ಲ. ಕೆಳಗಿನ ಬ್ರಾಕೆಟ್ಟನ್ನು ತಿರುಗಿಸಿ ಡ್ಯಾಂಪರಿನ ಒಟ್ಟು ಉದ್ದವನ್ನೇ ಕಡಿಮೆ ಮಾಡಬಹುದು. ಹೀಗೆ ಮಾಡಿದರೆ ಕಾರು ತಗ್ಗಿದರೂ ಪಿಸ್ಟನ್ನಿನ ಓಟ ಮೊದಲಿನಷ್ಟೇ ಉಳಿಯುತ್ತದೆ. ಸ್ಪ್ರಿಂಗ್ ರಿಂಗ್ ಬಿಗಿ ಮಾಡಿದರೆ ಸಸ್ಪೆನ್ಷನ್ ಗಡಸಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಇನ್ನೂ ಉಳಿದಿದೆ, ಅದು ತಪ್ಪು; ಉದ್ದಕ್ಕೂ ಗಡಸುತನ ಒಂದೇ ಇರುವ ಸ್ಪ್ರಿಂಗ್‌ನಲ್ಲಿ ಅದರಿಂದ ಬದಲಾಗುವುದು ಎತ್ತರ, ಗಡಸುತನವಲ್ಲ. 1976ರಲ್ಲಿ ಸ್ವೀಡನ್ನಿನಲ್ಲಿ ಮೋಟಾರ್‌ಸೈಕಲ್ ರೇಸಿಂಗ್‌ನ ನಂಟಿನಿಂದ ಹುಟ್ಟಿದ ಈ ಕಂಪನಿಯ ಡ್ಯುಯಲ್ ಫ್ಲೋ ವಾಲ್ವ್‌ನಲ್ಲಿ ಎಣ್ಣೆ ಎರಡೂ ದಿಕ್ಕಿಗೆ ಸಮನಾಗಿ ಹರಿಯಲು ದಾರಿ ಇರುವುದರಿಂದ ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬು) ಹತ್ತಿದ ಚಕ್ರ ಬೇಗ ಕೆಳಗಿಳಿದು ನೆಲ ಹಿಡಿಯುತ್ತದೆ. ಕರ್ಬ್‌ನ ಮೇಲೆ ಆಕ್ಸಿಲರೇಟರ್ ಒತ್ತಿ ಹಿಡಿಯುವ ಧೈರ್ಯ ಬರುವುದು ಈ ಗುಣದಿಂದ.

ಇದರಲ್ಲಿ ಹೊಂದಿಸಲು ಇರುವುದು ಒಂದೇ ಗುಂಡಿ. ಡ್ಯಾಂಪರಿನ ಕುಗ್ಗುವಿಕೆ, ಹಿಗ್ಗುವಿಕೆ ಎರಡಕ್ಕೂ ಇರುವ ತಡೆ ಒಟ್ಟಿಗೆ ಬದಲಾಗುತ್ತದೆ. ಪ್ರದಕ್ಷಿಣವಾಗಿ ಪೂರ್ತಿ ಮುಚ್ಚಿ, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಬೇಕು. ಮುಚ್ಚುವಾಗ ಬಲ ಹಾಕಿದರೆ ಒಳಗಿನ ಸೂಜಿಯ ಮೊನೆ ಕೆಡುತ್ತದೆ, ಆದ್ದರಿಂದ ಬೆರಳಿಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸುವುದು ಒಳ್ಳೆಯದು. ಕೆಲವು ಕ್ಲಿಕ್ ವ್ಯತ್ಯಾಸದಲ್ಲೇ ರಸ್ತೆಯ ಹದ, ಟ್ರ್ಯಾಕಿನ ಹದ ಬೇರೆಬೇರೆಯಾಗಿ ಸಿಗುತ್ತವೆ.

ಕೆಡಬ್ಲ್ಯೂ ವೇರಿಯೆಂಟ್ 3ರಲ್ಲಿ ಕುಗ್ಗುವಿಕೆಗೂ ಹಿಗ್ಗುವಿಕೆಗೂ ಪ್ರತ್ಯೇಕ ಹೊಂದಾಣಿಕೆ ಇದೆ. ಸ್ಪ್ರಿಂಗ್ ಬದಲಿಸುವ ಯೋಚನೆ ಇರುವವರಿಗೆ, ಪ್ರತಿ ಬದಲಾವಣೆಯನ್ನೂ ಬರೆದಿಡುವ ತಾಳ್ಮೆ ಇರುವವರಿಗೆ ಇದು ವರದಾನ. ಉಳಿದವರು ನಾಲ್ಕು ಮೂಲೆಗಳಲ್ಲಿ ಎಂಟು ಗುಂಡಿ ತಿರುಗಿಸಿ ಎಲ್ಲಿದ್ದೇವೆ ಎಂಬುದನ್ನೇ ಮರೆಯುತ್ತಾರೆ. ಅಂಥವರು ಕಂಪನಿ ಕೈಪಿಡಿಯಲ್ಲಿ ಕೊಟ್ಟ ಮೂಲ ಹೊಂದಾಣಿಕೆಗೆ ಮರಳುವುದು ಲೇಸು. ಸ್ಟೇನ್‌ಲೆಸ್ ಸ್ಟೀಲಿನ ಮೈ ಇರುವುದರಿಂದ ಹಿಮ ಕರಗಿಸಲು ಉಪ್ಪು ಹಾಕುವ ರಸ್ತೆಗಳಲ್ಲೂ ಎತ್ತರ ಬದಲಿಸುವ ರಿಂಗ್ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ ಎಂಬುದು ಇದರ ದೊಡ್ಡ ಗುಣ. ಆದರೆ ಬಹುತೇಕ ಕಾರುಗಳಲ್ಲಿ ಇದರ ಎತ್ತರ ಬದಲಾಗುವುದು ಸ್ಪ್ರಿಂಗ್ ರಿಂಗಿನಿಂದಲೇ, ಹಾಗಾಗಿ ತಗ್ಗಿಸಿದಷ್ಟೂ ಚಲನೆಯ ಅಂತರ ಕರಗುತ್ತದೆ.

ಬಿಲ್‌ಸ್ಟೈನ್ ಪಿಎಸ್‌ಎಸ್10ಕ್ಕೂ ಈ ಕೊರತೆ ಇದೆ. ಹತ್ತು ಹಂತಗಳ ಒಂದೇ ಗುಂಡಿ, ಮಾನೋಟ್ಯೂಬ್ (ಒಂದೇ ಕೊಳವೆಯ) ರಚನೆ, ಎಣ್ಣೆ ಮತ್ತು ಗ್ಯಾಸಿನ ನಡುವೆ ತೇಲುವ ಪಿಸ್ಟನ್. ಇದರಿಂದ ಎಣ್ಣೆಯಲ್ಲಿ ನೊರೆ ಏಳುವುದಿಲ್ಲ, ಶಾಖವೂ ಹೊರಮೈಯಿಂದ ನೇರವಾಗಿ ಹೊರಹೋಗುತ್ತದೆ. ರಸ್ತೆಯಲ್ಲಿ ಮೂರರಲ್ಲಿ ಇದೇ ಸ್ವಲ್ಪ ಬಿಗಿ ಎನಿಸುತ್ತದೆ, ಟ್ರ್ಯಾಕಿನ ಬಿಸಿಯಲ್ಲಿ ನಂಬಿಕೆಗೆ ಅರ್ಹ.

ಇವಕ್ಕಿಂತ ಅಗ್ಗದ ಸೆಟ್ಟುಗಳಲ್ಲಿ ಮೂವತ್ತು ಕ್ಲಿಕ್ ಎಂದು ಬರೆದಿರುತ್ತದೆ. ಹೆಸರು ಹೇಳಲು ಇಷ್ಟವಿಲ್ಲದ ಒಂದು ಸೆಟ್ಟಿನಲ್ಲಿ ಬದಲಾವಣೆಯೆಲ್ಲ ಕೊನೆಯ ಕೆಲವು ಕ್ಲಿಕ್ಕುಗಳಲ್ಲೇ ಅಡಗಿತ್ತು, ಎಡ ಬಲ ಒಂದೇ ಅಂಕಿಯಲ್ಲಿದ್ದರೂ ವರ್ತನೆ ಬೇರೆಬೇರೆ ಇತ್ತು. ಕೊಳ್ಳುವ ಮೊದಲು ಡ್ಯಾಂಪರಿನ ಡೈನೊ ಗ್ರಾಫ್ (ಯಂತ್ರದಲ್ಲಿ ಅಳೆದ ತಡೆಬಲದ ನಕ್ಷೆ) ಕೇಳಬೇಕು. ಕೊಡಲು ತಡವರಿಸುವವರನ್ನು ಬಿಟ್ಟುಬಿಡಬಹುದು.

ಸೆಟ್ಟಿನ ಜೊತೆಗೆ ಕ್ಯಾಂಬರ್ (ಚಕ್ರದ ಓರೆ; ಮೈನಸ್ ಎಂದರೆ ಮೇಲ್ತುದಿ ಒಳಕ್ಕೆ ವಾಲಿರುವುದು) ಹೊಂದಿಸುವ ಪ್ಲೇಟಿಗೂ ಹಣ ಮೀಸಲಿಡಬೇಕು. ಟ್ರ್ಯಾಕ್ ಟೈರು ಹಾಕಿದ ಮ್ಯಾಕ್‌ಫರ್ಸನ್ ಕಾರಿಗೆ ಮುಂದೆ ಸುಮಾರು ಮೈನಸ್ 3 ಡಿಗ್ರಿ ಕ್ಯಾಂಬರ್ ಸಿಗದಿದ್ದರೆ ಎಷ್ಟೇ ದುಬಾರಿ ಡ್ಯಾಂಪರ್ ಇದ್ದರೂ ಟೈರಿನ ಹೊರಅಂಚು ಸವೆಯುವುದು ತಪ್ಪದು. ಅತಿಯಾಗಿ ತಗ್ಗಿಸಿದರೆ ಅಂಥ ಕಾರಿನ ರೋಲ್ ಸೆಂಟರ್ (ಕಾರಿನ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿದು, ವಾಲುವಿಕೆಯ ಒತ್ತಡ ಹೆಚ್ಚುತ್ತದೆ. ಜೋಡಣೆ ಮುಗಿದ ಮೇಲೆ ನಾಲ್ಕು ತಕ್ಕಡಿಗಳ ಮೇಲೆ ಕಾರನ್ನಿಟ್ಟು, ಆಂಟಿ ರೋಲ್ ಬಾರ್‌ನ (ವಾಲುವಿಕೆ ತಡೆಯುವ ಸರಳಿನ) ಕೊಂಡಿ ಕಳಚಿ, ಸೀಟಿನಲ್ಲಿ ಚಾಲಕನಷ್ಟೇ ತೂಕವಿಟ್ಟು ಕರ್ಣಗಳ ತೂಕ ಸರಿಹೊಂದಿಸುವವರಿಗೇ ಕೆಲಸ ಒಪ್ಪಿಸಬೇಕು.

ನನ್ನ ಆಯ್ಕೆ ಓಲಿನ್ಸ್, ಆದರೆ ಒಂದು ಷರತ್ತಿನೊಂದಿಗೆ. ಟ್ರ್ಯಾಕಿನಲ್ಲಿ ದುಡಿದ ಡ್ಯಾಂಪರಿಗೆ ಕಾಲಕಾಲಕ್ಕೆ ಎಣ್ಣೆ, ಸೀಲ್, ಗ್ಯಾಸ್ ಹೊಸದಾಗಬೇಕು, ಅದನ್ನು ಬಿಚ್ಚಿ ಕಟ್ಟಲು ಬಲ್ಲ ಕೇಂದ್ರ ಕೈಗೆಟುಕುವಷ್ಟು ಹತ್ತಿರ ಇರಬೇಕು. ಅಂಥ ಕೇಂದ್ರ ಬಿಲ್‌ಸ್ಟೈನ್‌ಗೆ ಮಾತ್ರ ಇದ್ದರೆ ನಾನು ಬಿಲ್‌ಸ್ಟೈನನ್ನೇ ಕೊಳ್ಳುತ್ತೇನೆ, ಕಾರನ್ನು ಮಾತ್ರ ಹೆಚ್ಚು ತಗ್ಗಿಸುವುದಿಲ್ಲ.